ಮೆಣಸಿನಕಾಯಿ ಗೋದಾಮಿನ ಮೇಲಿನ ಕೋಣೆ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎಂಬಿಬಿಎಸ್ ಪಾಸಾದ ಮೇಲಿನ ಹೌಸ್ ಸರ್ಜನ್ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲಿ ಕಳೆಯಬೇಕಿತ್ತು. ನನ್ನನ್ನೂ ನನ್ನ ಗೆಳತಿಯನ್ನೂ ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಪುಸ್ತಕ ಓದಿ ಮುಗಿಸಿದ್ದೆವು, ಕೈ ಮಾತ್ರ ಇನ್ನೂ ಪಳಗಿರಲಿಲ್ಲ. ಅದನ್ನು ಪಳಗಿಸಿಕೊಳ್ಳುವ ವರ್ಷ ಅದು.

ಗೆಳತಿ ಹಾವೇರಿಯವಳು, ತಂದೆ ಅಲ್ಲಿ ಕೋರ್ಟಿನಲ್ಲಿ ಗುಮಾಸ್ತರು. ನಮ್ಮ ಬ್ಯಾಚಿನಲ್ಲಿ ಅವಳ ಕಿವಿ ಹೆಸರುವಾಸಿಯಾಗಿತ್ತು. ವಾರ್ಡಿನಲ್ಲಿ ನಾವೆಲ್ಲ ಸ್ಟೆತಾಸ್ಕೋಪ್ ಇಟ್ಟು ಏನೂ ಕೇಳದೆ, ಕೇಳಿದವರಂತೆ ತಲೆಯಾಡಿಸುತ್ತಿದ್ದಾಗ ಇವಳು ಕಣ್ಣು ಮುಚ್ಚಿ, ಹೃದಯದ ಎರಡು ಬಡಿತದ ನಡುವೆ ಇರುವ ಸಣ್ಣ ಸದ್ದನ್ನು ಹಿಡಿದು ಹೇಳುತ್ತಿದ್ದಳು. ಮಕ್ಕಳ ಡಾಕ್ಟರ್ ಆಗಬೇಕೆನ್ನುವುದು ಅವಳ ಆಸೆ. ಆಗುತ್ತಾಳೆ ಎಂಬುದರಲ್ಲಿ ನಮಗ್ಯಾರಿಗೂ ಅನುಮಾನ ಇರಲಿಲ್ಲ.

ಕೇಂದ್ರಕ್ಕೆ ಹೋಗಿ ನೋಡಿದರೆ ನಮಗೆಂದು ಇದ್ದ ಕ್ವಾರ್ಟರ್ಸಿನಲ್ಲಿ ಮುರಿದ ಮಂಚಗಳನ್ನೂ ಬ್ಲೀಚಿಂಗ್ ಪೌಡರಿನ ಚೀಲಗಳನ್ನೂ ತುಂಬಿದ್ದರು. ಆ ಊರಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಹಾವೇರಿಯಿಂದ ಎರಡು ಬಸ್ಸು ಹಿಡಿದು ಮುಂಜಾನೆ ರೋಗಿಗಳು ಬರುವ ಹೊತ್ತಿಗೆ ಮುಟ್ಟುವುದೂ ಆಗುತ್ತಿರಲಿಲ್ಲ. ಕೊನೆಗೆ ಬ್ಯಾಡಗಿಯಲ್ಲಿ ಒಂದು ಕೋಣೆ ಸಿಕ್ಕಿತು. ಕೆಳಗೆ ಮೆಣಸಿನಕಾಯಿ ಗೋದಾಮು, ಮೇಲೆ ನಾವು.

ಅದು ಸುಗ್ಗಿಯ ಕಾಲ. ಬೆಳಗಾದರೆ ಸಾಕು, ಕೆಳಗೆ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಮುರಿಯಲು ಕೂರುತ್ತಿದ್ದರು. ಚೀಲ ಸುರುವಿದಾಗಲೆಲ್ಲ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಕಿಟಕಿ ತೆರೆದರೆ ಕಣ್ಣು ಉರಿ, ಮುಚ್ಚಿದರೆ ಸೆಕೆ. ಹಾಸಿಗೆ, ಟವೆಲು, ನೆನೆಸಿಟ್ಟ ಅವಲಕ್ಕಿ, ಎಲ್ಲದರಲ್ಲೂ ಅದೇ ವಾಸನೆ. ನೀರು ಕೆಳಗಿನ ನಳದಿಂದ ಹೊರಬೇಕು. ಸಂಜೆ ಬಂದು ಪುಸ್ತಕ ಬಿಡಿಸಿದರೆ ಸೀನುತ್ತ, ಕೆಮ್ಮುತ್ತ ಒಂದು ಪುಟವೂ ಸಾಗುತ್ತಿರಲಿಲ್ಲ. ಆ ದಿನ ನೋಡಿದ ರೋಗಿಯ ಬಗ್ಗೆ ಓದಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನಾವು ಓದಲಿಲ್ಲ. ಕೆಲವು ದಿನಗಳಲ್ಲಿ ಓದಬೇಕೆಂಬುದೇ ಮರೆತುಹೋಯಿತು.

ನನಗೆ ಕೆಮ್ಮು ಬಂದು ಹೋಗುತ್ತಿತ್ತು. ಗೆಳತಿಗೆ ಅದು ಎದೆಗಿಳಿಯಿತು. ಚಿಕ್ಕಂದಿನಲ್ಲಿ ಇದ್ದು ಬಿಟ್ಟುಹೋಗಿದ್ದ ದಮ್ಮು ತಿರುಗಿ ಬಂತು. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಮನೆಗೆ ಹೋಗೆಂದರೆ, ಹಾಜರಿ ತಪ್ಪಿದರೆ ಹಳ್ಳಿಯ ಇಡೀ ಪಾಳಿ ಮತ್ತೆ ಮಾಡಬೇಕಾಗುತ್ತದೆ ಎನ್ನುತ್ತಿದ್ದಳು.

ಕೇಂದ್ರದಲ್ಲಿ ಕಲಿಸುವವರು ಯಾರೂ ಇರಲಿಲ್ಲ. ಇದ್ದ ಒಬ್ಬರೇ ವೈದ್ಯಾಧಿಕಾರಿ ವಾರದಲ್ಲಿ ಬಹಳಷ್ಟು ದಿನ ಕ್ಯಾಂಪು, ಮೀಟಿಂಗು ಎಂದು ಜೀಪಿನಲ್ಲಿ ತಿರುಗುತ್ತಿದ್ದರು. ಜನ ಹೊರಗಿನ ಬೇವಿನ ಮರದವರೆಗೂ ಸಾಲುಗಟ್ಟಿರುತ್ತಿದ್ದರು. ಸರಿಯೋ ತಪ್ಪೋ ನಾವಿಬ್ಬರೇ ನೋಡಿ ಕಳಿಸಬೇಕು.

ಒಂದು ಮುಂಜಾನೆ ಒಬ್ಬ ಬಾಣಂತಿ ತನ್ನ ಕೂಸನ್ನು ತಂದಳು. ಮೇಡ್ಲೇರಿ ಊರಿನ ಸೊಸೆ, ಹೆರಿಗೆಗೆ ಈ ಊರಿನ ತವರಿಗೆ ಬಂದಿದ್ದಳು. ಕೂಸಿನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಗೆಳತಿ ಸ್ಟೆತಾಸ್ಕೋಪ್ ಇಟ್ಟಳು. ಎಂದಿನಂತೆ ಕಣ್ಣು ಮುಚ್ಚಿದಳು. ತೆಗೆದಳು, ಮತ್ತೆ ಇಟ್ಟಳು. ತನ್ನ ಉಸಿರು ಬಿಗಿಹಿಡಿದು ಕೇಳಲು ನೋಡಿದಳು, ಅಷ್ಟರಲ್ಲಿ ಕೆಮ್ಮು ಬಂದು ಬಗ್ಗಿಬಿಟ್ಟಳು. ಕೊನೆಗೆ ಕುರ್ಚಿಯಿಂದೆದ್ದು ಕೂಸನ್ನು ನನ್ನ ಕಡೆ ಸರಿಸಿದಳು.

"ನೀ ನೋಡು. ನನಗ ನನ್ನ ಎದೀ ಸಪ್ಪಳಾನ ಕೇಳಾಕತ್ತೈತಿ. ಕೂಸಿಂದು ಕೇಳವಲ್ದು."

ನಾನು ಇಟ್ಟು ಕೇಳಿದೆ. ಬಲಗಡೆ ಕೆಳಗೆ ಕರಕರ ಅನ್ನುತ್ತಿದೆ ಅನಿಸಿತು; ಖಾತ್ರಿ ಇರಲಿಲ್ಲ. ಯಾವಾಗಲೂ ಅವಳನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದವಳು ನಾನು. ನ್ಯುಮೋನಿಯಾ ಇರಬಹುದೆಂದು ಒಂದು ಇಂಜೆಕ್ಷನ್ ಕೊಟ್ಟು, ಹುಲ್ಲು ಹೇರಲು ಬಂದಿದ್ದ ಟೆಂಪೋದವನನ್ನು ಒಪ್ಪಿಸಿ ತಾಯಿ ಮಗುವನ್ನು ರಾಣೆಬೆನ್ನೂರಿಗೆ ಕಳಿಸಿದೆವು. ಕೂಸು ಉಳಿಯಿತು. ಕೆಲವು ದಿನಗಳ ನಂತರ ಅದರ ಅಜ್ಜಿ ಬಂದು ಹೇಳಿ ಹೋದಳು.

ಗೆಳತಿಗೆ ಅದರಿಂದ ಸಮಾಧಾನವಾಗಲಿಲ್ಲ. ಅಂದಿನಿಂದ ಮಕ್ಕಳನ್ನು ನೋಡುವುದನ್ನೇ ಬಿಟ್ಟಳು. ಮಗುವನ್ನೆತ್ತಿಕೊಂಡ ತಾಯಿ ಬಾಗಿಲಲ್ಲಿ ಕಂಡರೆ ಎದ್ದು ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಗೆ ಹೋಗುತ್ತಿದ್ದಳು.

ವೈದ್ಯಾಧಿಕಾರಿ ಬಂದ ದಿನ ಇಬ್ಬರೂ ಹೋಗಿ ಕ್ವಾರ್ಟರ್ಸ್ ಖಾಲಿ ಮಾಡಿಸಿಕೊಡಿ ಎಂದೆವು. ಅವರು ಕೆಟ್ಟವರಲ್ಲ. ಸಂಸಾರವನ್ನು ದೂರದಲ್ಲಿ ಬಿಟ್ಟು, ರಾಣೆಬೆನ್ನೂರಿನ ಒಂದು ಲಾಡ್ಜಿನಲ್ಲಿ ಇದ್ದು ಬಂದು ಹೋಗುತ್ತಿದ್ದವರು. ಚಹಾ ಕುಡಿಯುತ್ತಲೇ ಹೇಳಿದರು:

"ನಾವೂ ಹಿಂಗ ಕಲ್ತು ಬಂದವ್ರು ಬೇ. ನಮಗ್ಯಾರು ಬಂಗಲೆ ಕೊಟ್ಟಿದ್ರು?"

ಗೆಳತಿ ನಿಂತಲ್ಲಿಂದಲೇ, ಉಸಿರಿಗೆ ತಡೆದು ತಡೆದು, "ಹಂಗಾರ ಏನ ಕಲ್ತ್ರಿ ಅನ್ನೋದನ್ನರ ನಮಗ ಕಲಿಸ್ರಿ ಸರ್," ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಬೇಡಿದ್ದಳು. ಅವರು ಕಪ್ಪು ಕೆಳಗಿಟ್ಟರು. ಮರುದಿನ ಕ್ಯಾಂಪಿಗೆ ಹೋಗದೆ ನಮ್ಮ ಜೊತೆ ಕೂತು ಒಂದೊಂದೇ ರೋಗಿಯನ್ನು ತೋರಿಸಿದರು. ಕಾಮಾಲೆಯ ಕಣ್ಣನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡುವುದು, ಹೊಟ್ಟೆ ಒತ್ತುವಾಗ ರೋಗಿಯ ಮುಖದ ಮೇಲೆ ಕಣ್ಣಿಡುವುದು. ಎಷ್ಟು ಚೆಂದ ಕಲಿಸಬಲ್ಲರು ಎಂದು ನೋಡಿ ನನಗೆ ಸಂಕಟವೇ ಆಯಿತು. ಆ ಒಂದು ಮುಂಜಾನೆಯಲ್ಲಿ ಕಲಿತದ್ದು ಇವತ್ತಿಗೂ ನನ್ನ ಕೈಯಲ್ಲಿದೆ. ಅದರ ಮರುದಿನ ಮತ್ತೆ ಜೀಪು ಬಂತು, ಹೋದರು. ಕ್ವಾರ್ಟರ್ಸಿನ ಕೀಲಿ ಮಾತ್ರ ನಮಗೆ ಕೊಟ್ಟಿದ್ದರು. ಚೀಲಗಳನ್ನು ಹೊರಗೆಳೆಸಿ, ನೆಲ ತೊಳೆದು, ಭಾನುವಾರ ಗಂಟುಮೂಟೆ ತರುವುದೆಂದು ಮಾತಾಯಿತು.

ಅಷ್ಟರೊಳಗೆ ಗೆಳತಿ ಬಸ್ ಸ್ಟ್ಯಾಂಡಿನಲ್ಲಿ ಉಸಿರು ಕಟ್ಟಿ ಕುಸಿದಳು. ತುಟಿ ನೀಲಿಯಾಗಿತ್ತು. ಬ್ಯಾಡಗಿಯ ಒಬ್ಬ ಖಾಸಗಿ ಡಾಕ್ಟರು ಸೂಜಿ ಚುಚ್ಚಿ ಉಳಿಸಿದರು. ಹಾವೇರಿಯಿಂದ ಬಂದ ಅವಳ ತಂದೆ ಕೋಣೆ ನೋಡಲು ಮೆಟ್ಟಿಲು ಹತ್ತಿ, ಬಾಗಿಲಲ್ಲೇ ಕೆಮ್ಮತೊಡಗಿದರು. ಮಗಳ ಟ್ರಂಕು ತಾವೇ ಹೊತ್ತು ಇಳಿದರು.

ಕ್ವಾರ್ಟರ್ಸಿಗೆ ನಾನೊಬ್ಬಳೇ ಹೋದೆ. ಗಾಳಿ ಚೆನ್ನಾಗಿತ್ತು. ಆದರೆ ರೋಗಿಗಳ ಆ ಸಾಲಿಗೆ ಈಗ ಒಬ್ಬಳೇ. ಕೆಮ್ಮೆಂದರೆ ಒಂದು ಗುಳಿಗೆ, ಹೊಟ್ಟೆನೋವೆಂದರೆ ಇನ್ನೊಂದು. ರೋಗಿ ಮಾತು ಮುಗಿಸುವ ಮೊದಲೇ ನನ್ನ ಕೈ ಬರೆಯುತ್ತಿತ್ತು.

ಪಾಳಿ ಮುಗಿಸಿ ಹಾವೇರಿಗೆ ಹೋಗಿ ಅವಳನ್ನು ಕಂಡೆ. ಸೊರಗಿದ್ದಳು, ಉಸಿರು ಮಾತ್ರ ಹದಕ್ಕೆ ಬಂದಿತ್ತು. ಪಾಳಿಯನ್ನು ಮೊದಲಿಂದ ಮಾಡಬೇಕು ಎಂದಳು. ಮುಂದೆ ಮಕ್ಕಳ ವಿಭಾಗ ಬೇಡ, ಪೆಥಾಲಜಿ ತಗೊಳ್ಳುತ್ತೇನೆ, ಸೂಕ್ಷ್ಮದರ್ಶಕದಲ್ಲಿ ನೋಡುವುದಷ್ಟೇ ಕೆಲಸ ಎಂದಳು. ಹಾಗೆಯೇ ಮಾಡಿದಳು ಕೂಡ. ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ.

ಅವಳ ತಾಯಿ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟು ಒಳಗೆ ಹೋದರು. ಆಮೇಲೆ ಗೆಳತಿ ನನ್ನನ್ನು ಕೇಳಿದಳು, "ನಾ ಇತ್ತ ಬಂದ ಮ್ಯಾಲೆ ನೀ ಏನೇನು ಕಲ್ತಿ ಅಲ್ಲೆ?"

ನಗಿಸಬೇಕೆಂದೇ, "ಸಾಲು ಲಗೂ ಮುಗಿಸೋದು ಕಲ್ತೇನಿ," ಎಂದೆ.

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಉಪ್ಪಿಟ್ಟು ಆರುತ್ತಿತ್ತು, ಇಬ್ಬರೂ ತಿನ್ನತೊಡಗಿದೆವು.