ಬೋಟಿಗೆ ಹೊರಟವರ ಎದುರು ಕೂತು

ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಮ್ಮನ್ನೆಲ್ಲ, ಅಂದರೆ ವಿಮೆಯ ಅರ್ಜಿಗಳನ್ನು ಪರಿಶೀಲಿಸುವವರನ್ನು, ಕಂಪನಿ ಮಂಗಳೂರಿನ ಆಫೀಸಿಗೆ ಕರೆಯಿತು. ಬಾರದಿದ್ದರೆ ಕೆಲಸ ಇಲ್ಲ ಎಂದಿತ್ತು. ಹಾಗಾಗಿ ಕುಮಟಾದಲ್ಲಿ ರೈಲು ಹತ್ತಿದೆ.

ಹೊನ್ನಾವರದಲ್ಲಿ ಹತ್ತಿದ ಮಾವಿನಕುರ್ವೆ ಊರಿನ ಮೀನುಗಾರರೊಬ್ಬರು ನನ್ನೆದುರು ಕೂತರು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇರುತ್ತದಲ್ಲ, ಅದು ಮುಗಿದು ಅವರು ಭಟ್ಕಳದ ಬೋಟಿಗೆ ಹೊರಟಿದ್ದರು. ನನ್ನ ಕಥೆ ಕೇಳಿ, "ನಿಮ್ಗೂ ಬಂದ್ ಇತ್ತಾ ತಂಗಿ?" ಎಂದರು.

"ಇಲ್ಲ, ಮನೇಲೇ ಕೆಲಸ ಮಾಡ್ತಿದ್ದೆ."

"ಮತ್ತೆ ಅಲ್ಲಿ ಎಂತ ಅದೆ? ನಮ್ದಾದ್ರೆ ಬೋಟು ಅಲ್ಲೇ ಅದೆ."

ತೊಡೆಯ ಮೇಲಿನ ಲ್ಯಾಪ್‌ಟಾಪ್ ಚೀಲವನ್ನು ಅವುಚಿಕೊಂಡು, "ಕಂಪ್ಯೂಟರ್," ಎಂದೆ.

"ಅದು ನಿಮ್ಮ ಚೀಲದಲ್ಲೇ ಅದೆಯಲ್ಲ!"

ತಂಡ, ಚರ್ಚೆ, ಜೊತೆಗೆ ಕೂರುವುದು ಎಂದೆಲ್ಲ ವಿವರಿಸಿದೆ. ವಿವರಿಸಿದಷ್ಟೂ ನನಗೇ ಗೊಂದಲವಾಯಿತು. "ಆತು, ಹೋಗಿ ನೋಡಿ," ಎಂದು ಅವರು ಭಟ್ಕಳದಲ್ಲಿ ಇಳಿದರು.

ಆಫೀಸಿನಲ್ಲಿ ನನಗೊಂದು ಕುರ್ಚಿ ಕೊಟ್ಟರು. ಚೀಲದಿಂದ ಅದೇ ಲ್ಯಾಪ್‌ಟಾಪ್ ತೆಗೆದು ತೆರೆದೆ. ಪುಣೆಯ ಆಫೀಸಿನಲ್ಲಿ ಕೂತಿದ್ದ ನನ್ನ ಮ್ಯಾನೇಜರ್ ಪರದೆಯಲ್ಲಿ ಕಾಣಿಸಿ, "ಇನ್ನು ಎದುರುಬದುರು ಮಾತಾಡಬಹುದು ನೋಡಿ," ಎಂದರು.

ಸಂಜೆ ಅಮ್ಮನಿಗೆ ಫೋನ್ ಮಾಡಿ, ಕೆಲಸ ಉಳಿಯಿತು ಎಂದೆ. ಅಲ್ಲಿ ಎಂತ ಅದೆ ಎಂದು ಅವಳು ಕೇಳಲಿಲ್ಲ, ಪುಣ್ಯ.