ಬೇಳೆಗೆ ಕೀಲಿ ಹಾಕಿದ ಕಾಕು

ಶಾಂತಕಾಕು ಬಂಗಾರವನ್ನು ಜೋಳದ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಕೀಲಿ ಹಾಕುತ್ತಿದ್ದುದು ತೊಗರಿಬೇಳೆಗೆ. ಸೊಲ್ಲಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು, ತವರು ಕರಜಗಿ. ಗಂಡ ಭೀಮಾಕಾಕಾ ಟವೆಲ್ ನೇಯ್ದು ದಣಿದ ಮನುಷ್ಯ. ಅವರ ಕಿಡ್ನಿ ಸೋಲತೊಡಗಿದಾಗ ಬೇಳೆ, ತತ್ತಿ, ಮಟನ್ ಕಡಿಮೆ ಮಾಡಿರೆಂದು ಡಾಕ್ಟರು ಹೇಳಿದರು. ಕಾಕುಗೆ ಕಡಿಮೆ ಎಂಬುದರಲ್ಲಿ ನಂಬಿಕೆಯಿಲ್ಲ. ಪೂರ್ತಿ ಬಂದ್ ಮಾಡಿದರು.

"ಏ ಶಾಂತಾ, ಈ ಸಾರಿನ್ಯಾಗ ನನ್ನ ಮಾರಿ ಕಾಣತೈತಿ, ಬ್ಯಾಳಿ ಕಾಣವಲ್ದು," ಎನ್ನುತ್ತಿದ್ದರು ಕಾಕಾ.

"ಬ್ಯಾಳಿ ನಿಮಗ ಇಷ ಇದ್ದಂಗ. ಸುಮ್ಮ ಉಣ್ರಿ."

ಗೋಡೆಯಾಚೆಯಿಂದ ಇದನ್ನು ಕೇಳಿ ಕೇಳಿ, ಕಿಡ್ನಿ ಗಟ್ಟಿಯಿದ್ದ ನಾನೂ ಬೇಳೆ ಬಿಟ್ಟೆ. "ನಿಮಗ ಬ್ಯಾನಿ ಕಿಡ್ನೀದಲ್ಲ, ತಲೀದು," ಎಂದಳು ನನ್ನ ಹೆಂಡತಿ.

ಮುಂದೆ ಡಯಾಲಿಸಿಸ್ ಸುರುವಾಯಿತು. ಡಾಕ್ಟರ ಮಾತು ತಿರುಗಿತು: ರಕ್ತ ತೊಳೆಯುವಾಗ ಪ್ರೋಟೀನೂ ಸೋರಿಹೋಗುತ್ತದೆ, ಇನ್ನು ಜಾಸ್ತಿ ಕೊಡಿ, ದಿನಾ ತತ್ತಿಯ ಬಿಳಿಭಾಗ ತಿನ್ನಿಸಿ. ಕಾಕು ಅಲ್ಲಿ ತಲೆಯಾಡಿಸಿದರು. ಮನೆಗೆ ಬಂದು, "ನಿನ್ನಿ ಇಷ, ಇವತ್ತ ಅಮೃತ? ಹೆಂಗ್ರಿ?" ಎಂದು ನನ್ನನ್ನೇ ಕೇಳಿದರು. ಕೀಲಿ ತೆಗೆಯಲಿಲ್ಲ.

ತಿಂಗಳುಗಳು ಹೋದವು. ಕಾಕಾನ ರಟ್ಟೆ ಬಡಿಗೆಯಾಯಿತು, ಬನಿಯನ್ ಹೆಗಲಿನಿಂದ ಜಾರತೊಡಗಿತು. ಆಚೆ ಅವರು ಕೆಮ್ಮಿದರೆ ಈಚೆ ನನ್ನ ಎದೆ ಹಾರುತ್ತಿತ್ತು. ಒಂದು ದಿನ ಧೈರ್ಯ ಮಾಡಿ, "ಕಾಕಾಗ ಬ್ಯಾಳಿ, ತತ್ತಿ ಕೊಡ್ರಿ ಕಾಕು," ಎಂದೆ.

"ನೀವಽ ತಿನ್ನೂದಿಲ್ಲ, ನನಗ ಹೇಳಾಕ ಬಂದೀರಿ?"

ಅಂದಿನಿಂದ ಅವರಿಗೆ ಕಾಣುವಂತೆ ಪಡಸಾಲೆಯಲ್ಲಿ ಕೂತು ಬೇಳೆ ಉಂಡೆ, ಒಂದೊಂದು ತುತ್ತಿಗೂ ಹೆದರುತ್ತ. ನಾನು ಸಾಯದ್ದನ್ನು ಕಂಡೋ ಏನೋ, ಒಂದು ಮುಂಜಾನೆ ಕರೆದರು: "ಬರ್ರಿ, ಕುಂದರ್ರಿ. ಏನರ ಆದ್ರ ರಿಕ್ಷಾ ತರಾಕ ಒಬ್ಬರು ಬೇಕು." ತಾಟಿನಲ್ಲಿ ಕುದಿಸಿದ ತತ್ತಿ. ಕಾಕಾ ಬಿಳಿಭಾಗ ಕಚ್ಚಿದರು. ಕಾಕು ಬಾವು ಬಂತೇನೋ ಎಂದು ಅವರ ಕಾಲನ್ನು ಒತ್ತಿ ಒತ್ತಿ ನೋಡಿದರು. ನಾನು ಕಾಕಾನ ಉಸಿರನ್ನೇ ನೋಡುತ್ತ ನನ್ನದನ್ನು ಮರೆತಿದ್ದೆ.

"ತಿನ್ನಾಕತ್ತಾಂವ ನಾ, ಸಾಯಾಕತ್ತಾವ್ರು ನೀವಿಬ್ರು," ಎಂದರು ಕಾಕಾ.

ಆಮೇಲೆ ದಿನಾ ತತ್ತಿ ಕುದಿಯಿತು. ಆದರೆ ಮಳೆಗಾಲಕ್ಕೆ ಕಾಕಾಗೆ ಜ್ವರವೊಂದು ಬಂತು. ಎದುರು ನಿಲ್ಲುವ ಕಸುವು ಮೈಯಲ್ಲಿ ಉಳಿದಿರಲಿಲ್ಲ. ಕಾಕಾ ದವಾಖಾನೆಯಿಂದ ತಿರುಗಿ ಬರಲಿಲ್ಲ.

ಕಾಕು ಅಕ್ಕಲಕೋಟೆಗೆ, ಮಗಳ ಮನೆಗೆ ಹೋದರು. ಒಮ್ಮೆ ನೋಡಲು ಹೋಗಿದ್ದೆ. ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಲ್ಲುಕಟ್ಟೆಯ ಮೇಲೆ ಕೂತು ಕೇಳಿದರು: "ರಕ್ತ ತೊಳ್ಯಾಕ ಸುರು ಮಾಡಿದ ದಿನಾನ ತತ್ತಿ ಕೊಟ್ಟಿದ್ರ, ಇನ್ನೂ ಇರತಿದ್ರೇನ್ರಿ?"

"ನಿಮ್ಮ ತಪ್ಪೇನಿಲ್ಲ, ಕಾಕು."

"ತಪ್ಪಿಂದು ಕೇಳಿಲ್ರಿ. ಇರತಿದ್ರೋ ಇಲ್ಲೋ, ಅದನ್ನ ಹೇಳ್ರಿ."

"ಬಸ್ ಬಂತು," ಎಂದು ಎದ್ದೆ.

ಕಾಕು ತಿರುಗಿ ನೋಡಿದರು. ರಸ್ತೆ ಖಾಲಿಯಿತ್ತು. "ಹೂಂ, ಹತ್ರಿ," ಎಂದರು.

ಅದೇ ಕಡೆಯ ಭೇಟಿ.