ಸುಳ್ಳು ಓದಿದ ಚಂದಮ್ಮ

ಮಳೆಗಾಲ ಶುರುವಾದ ವಾರ ಕೊರಿಯರಿನವನು ತಂದುಕೊಟ್ಟ ಪುಸ್ತಕ ಎಷ್ಟು ದಪ್ಪ ಇತ್ತೆಂದರೆ, ಕಟ್ಟು ಬಿಚ್ಚುವ ಮೊದಲು ನಾನು ಯಾರೋ ಮಿಕ್ಸಿಯನ್ನೇ ಕಳಿಸಿದ್ದಾರೆ ಅಂದುಕೊಂಡಿದ್ದೆ. ಐತಿಹಾಸಿಕ ಕಾದಂಬರಿ. ಹಿಂದಿನ ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಹೀಗಿತ್ತು: 'ಪ್ರೇಮ, ಯುದ್ಧ ಮತ್ತು ತಲೆಮಾರುಗಳ ಕಾಲ ಹೂತಿಟ್ಟ ಮನೆತನದ ರಹಸ್ಯ.' ಅಷ್ಟು ಓದಿದ್ದೇ ತಡ, ಬಾಗಿಲಲ್ಲೇ ನಿಂತು ನಗತೊಡಗಿದೆ. ಒಳಗೆ ಹಾಲು ಉಕ್ಕಿ ಒಲೆಯೆಲ್ಲ ರಾಡಿ. ಕೊರಿಯರಿನ ಹುಡುಗ ಗಾಬರಿಯಾಗಿ, "ಎಂತ ಅಕ್ಕ, ಪಾರ್ಸೆಲ್ ತಪ್ಪಿತಾ?" ಎಂದ. ಇಲ್ಲ ಮಾರಾಯ, ಸರಿಯಾಗೇ ಬಂದಿದೆ ಎನ್ನುವಷ್ಟರಲ್ಲಿ ಮತ್ತೆ ನಗು ಬಂತು.

ನಗದೆ ಏನು ಮಾಡಲಿ, ನೀವೇ ಹೇಳಿ. ಆ ರಟ್ಟಿನ ಮೇಲೆ ಹೇಳಿದ ಮೂರೂ ಸಾಮಾನು ಹೆಮ್ಮಾಡಿಯ ನಮ್ಮ ಅಮ್ಮಮ್ಮನ ಮನೆಯಲ್ಲಿ ಇದ್ದವು. ಪ್ರೇಮವಿತ್ತು, ಯುದ್ಧವಿತ್ತು, ರಹಸ್ಯವೂ ಇತ್ತು. ಕೋಟೆ ಮಾತ್ರ ಇರಲಿಲ್ಲ. ಒಂದು ಕೋಳಿಗೂಡು ಇತ್ತು.

ನನಗಾಗ ಹದಿನಾಲ್ಕು. ಶಾಲೆಯ ಕಪಾಟಿನಲ್ಲಿದ್ದ ಐತಿಹಾಸಿಕ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿ ತಲೆ ಪೂರ್ತಿ ಕೆಟ್ಟಿದ್ದ ಕಾಲ. ಯಾರಾದರೂ ಕೆಮ್ಮಿದರೆ ವಿಷಪ್ರಾಶನ ಅನ್ನಿಸುತ್ತಿತ್ತು. ಬಾವಿಕಟ್ಟೆಯಲ್ಲಿ ಇಬ್ಬರು ಪಿಸುಗುಟ್ಟಿದರೆ ಒಳಸಂಚು. ಒಂದು ದಿನ ಅಮ್ಮಮ್ಮ ನೀರು ಕೇಳಿದಾಗ ಚೊಂಬು ಹಿಡಿದು ಬಗ್ಗಿ "ಅಪ್ಪಣೆ ಮಹಾರಾಣಿಯವರೇ" ಅಂದಿದ್ದೆ. ಅವರು ನೀರು ಕುಡಿದು, "ಈ ಹೆಣ್ಣಿಗ್ ಎಂತಾಯ್ತ್? ಒಂದ್ ಸಲ ಡಾಕ್ಟ್ರಿಗೆ ತೋರ್ಸುದ್ ಒಳ್ಳೇದ್" ಎಂದು ಗಂಭೀರವಾಗಿ ಹೇಳಿದರು.

ಅಮ್ಮಮ್ಮ, ಅಂದರೆ ನನ್ನ ತಾಯಿಯ ತಾಯಿ ಗಿರಿಜಮ್ಮ, ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸು. ಬೆಳಿಗ್ಗೆ ಬಂಗಡೆ, ಸಂತೆ ದಿನ ಒಣಮೀನು. ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಮೀನಿನ ಕಿವಿರು ಎತ್ತಿ ನೋಡಿ ಅದು ಯಾವಾಗಿನದು ಎಂದು ಹೇಳಬಲ್ಲವರು ಮನುಷ್ಯರ ಮುಖವನ್ನೂ ಹಾಗೆಯೇ ನೋಡುತ್ತಿದ್ದರು. ಅವರ ಕಿರಿ ಮಗಳು ಜಲಜ ನನಗೆ ಚಿಕ್ಕಿ. ಆ ರಜೆಯಲ್ಲಿ ನಾನು ಹೆಮ್ಮಾಡಿಗೆ ಬಂದಾಗ ಮನೆಯಲ್ಲಿ ಯುದ್ಧ ಶುರುವಾಗಿ ಒಂದು ವಾರವಾಗಿತ್ತು. ಚಿಕ್ಕಿಗೆ ಗುಲ್ವಾಡಿಯ ರಾಘು ಬೇಕು. ಬೋಟಿಗೆ ಹೋಗುವ ಹುಡುಗ, ಕುಡಿತ ಇಲ್ಲ, ಮಾತು ಕಡಿಮೆ, ಹಲ್ಲು ಸ್ವಲ್ಪ ಮುಂದೆ. ಅವನೂ ಒಪ್ಪಿದ್ದ. ಅಮ್ಮಮ್ಮ ಮಾತ್ರ ಒಂದೇ ಹಟ ಹಿಡಿದಿದ್ದರು.

"ಆ ಚಂದು ಮನಿಗೆ ನನ್ ಹೆಣ್ಣನ್ನ ಕೊಡುದಿಲ್ಲೆ."

"ಎಂತಕ್ಕೆ ಅಮ್ಮಮ್ಮ?"

"ಕೊಡುದಿಲ್ಲೆ ಅಂದ್ರೆ ಕೊಡುದಿಲ್ಲೆ. ನೀ ಹೋಗ್, ಮಸಾಲಿ ಕಡಿ."

ಚಂದು ಎಂದರೆ ರಾಘುವಿನ ತಾಯಿ, ಗುಲ್ವಾಡಿಯ ಚಂದಮ್ಮ. ಅಮ್ಮಮ್ಮನ ಬಾಲ್ಯದ ಗೆಳತಿಯಂತೆ. ಆದರೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಎರಡು ಮನೆಯ ನಡುವೆ ನೀರಿನ ಬಳಕೆ ಕೂಡ ಇಲ್ಲ. ಮಾರ್ಕೆಟ್ಟಿನಲ್ಲಿ ಎದುರೆದುರು ಬುಟ್ಟಿ ಇಟ್ಟುಕೊಂಡು ಕೂತರೂ ಇಬ್ಬರೂ ಗಿರಾಕಿಯ ಮುಖವನ್ನಷ್ಟೇ ನೋಡುತ್ತಿದ್ದರು. ಕಾರಣ ಕೇಳಿದರೆ ಅಮ್ಮಮ್ಮನ ಬಾಯಿಗೆ ಬೀಗ.

ಹೂತಿಟ್ಟ ರಹಸ್ಯ! ನನಗೆ ಮೈಯೆಲ್ಲ ರೋಮಾಂಚನ. ಇಷ್ಟು ವರ್ಷ ಪುಸ್ತಕದಲ್ಲಿ ಹುಡುಕಿದ್ದು ನಮ್ಮದೇ ಜಗಲಿಯಲ್ಲಿ ಕೂತಿದೆ. ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ ಊಹೆಗಳನ್ನು ಬರೆಯತೊಡಗಿದೆ. ಕೊಲೆ ಇರಬಹುದೇ? ಆದರೆ ಎರಡೂ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಎಲ್ಲರೂ ಗಟ್ಟಿಯಾಗಿ ಉಂಡುಕೊಂಡಿದ್ದರು. ನಿಧಿ? ತೆಂಗಿನಮರದ ಬುಡ ಅಗೆದು ನೋಡಿದೆ, ಒಂದು ಹಳೇ ಚಪ್ಪಲಿ ಸಿಕ್ಕಿತು. ಕೊನೆಗೆ ಉಳಿದದ್ದು ನಾನು ಓದಿದ ಪ್ರತಿ ಮೂರನೇ ಕಾದಂಬರಿಯಲ್ಲಿ ಬರುವ ಸಂಗತಿ: ತೊಟ್ಟಿಲಿನ ಮಗು ಗುಟ್ಟಾಗಿ ಬೇರೆ ಮನೆ ಸೇರಿರುವುದು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ನಾನು ಚಿಕ್ಕಿಯನ್ನು ಕೊಟ್ಟಿಗೆಯ ಹಿಂದೆ ಕರೆದು, ಧ್ವನಿ ತಗ್ಗಿಸಿ, ನೀನು ಮತ್ತು ರಾಘು ಅಣ್ಣ ತಂಗಿ ಇರಬಹುದು, ಎದೆ ಗಟ್ಟಿ ಮಾಡಿಕೋ ಎಂದೆ.

ಚಿಕ್ಕಿ ಮೊದಲು ಅಂಗಳ ಗುಡಿಸುವ ಹಿಡಿಸೂಡಿ ಎತ್ತಿ ನನ್ನ ಬೆನ್ನಿಗೆ ಎರಡು ಬಿಟ್ಟಳು. ಆಮೇಲೆ ಹಿಡಿಸೂಡಿ ಬಿಸಾಡಿ ಕೂತು ಅತ್ತಳು. ಆಮೇಲೆ ಊಟ ಬಿಟ್ಟಳು. ಒಂದು ದಿನ, ಎರಡು ದಿನ. ಮೂರನೇ ದಿನ ಮನೆಯಲ್ಲಿ ಸಿಗಡಿ ಸುಕ್ಕ ಮಾಡಿದ್ದರೂ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕಾದಂಬರಿಯಲ್ಲಿ ರಾಜಕುಮಾರಿ ಅನ್ನಾಹಾರ ತ್ಯಜಿಸಿದರೆ ಒಂದು ಸಾಲು, ಅಷ್ಟೆ. ಚಿಕ್ಕಿಯ ತುಟಿ ಒಣಗಿ ಬಿಳಿಚಿತ್ತು. ಅದಕ್ಕೆ ನಾನೇ ಕಾರಣ.

ಅಳುತ್ತಾ ಹೋಗಿ ಅಮ್ಮಮ್ಮನಿಗೆ ಎಲ್ಲ ಹೇಳಿದೆ. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿದೆ. ಬಂದದ್ದು ಇದು:

"ಅಣ್ಣನೂ ಇಲ್ಲೆ, ತಂಗಿಯೂ ಇಲ್ಲೆ. ಆ ಚಂದು ನಂಗೆ ಸುಳ್ಳ್ ಓದಿತ್."

ಸುಳ್ಳು ಹೇಳುವುದು ಗೊತ್ತು. ಸುಳ್ಳು ಓದುವುದು ಎಂದರೇನು? ಅವತ್ತು ಅಮ್ಮಮ್ಮ ಬಾಯಿ ಬಿಟ್ಟರು. ಆ ಕಾಲದಲ್ಲಿ ಇಬ್ಬರೂ ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಹೆಮ್ಮಾಡಿಯ ಬಸ್ಸಿನ ಕಟ್ಟೆಯಲ್ಲಿ ಕೂರುತ್ತಿದ್ದರಂತೆ. ನಾಲ್ಕನೇ ಕ್ಲಾಸು ಓದಿದ್ದ ಚಂದಮ್ಮ, ತಾನು ಮೀನು ಕೊಡುವ ಒಬ್ಬ ಮೇಷ್ಟರ ಮನೆಯಿಂದ ಕಾದಂಬರಿ ತಂದು, ಬಸ್ಸು ಬರುವವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಪುಸ್ತಕಕ್ಕೆ ಮೀನಿನ ವಾಸನೆ ಹಿಡಿಸಬಾರದು ಎಂಬುದು ಮೇಷ್ಟರ ಹೆಂಡತಿಯ ಷರತ್ತು. ಅದೊಂದನ್ನು ಪಾಲಿಸಲು ಆಗಲಿಲ್ಲ. ಬಸ್ಸು ತಡವಾದಷ್ಟೂ ಇಬ್ಬರಿಗೂ ಖುಷಿ. ಸರಿಯಾದ ಹೊತ್ತಿಗೆ ಬಂದರೆ ಡ್ರೈವರಿಗೆ ಶಾಪ. ಒಮ್ಮೆ ಕೋಟೆಗೆ ಬೆಂಕಿ ಬಿದ್ದ ಅಧ್ಯಾಯ ಮುಗಿಯಲಿಲ್ಲವೆಂದು ಎರಡು ಬಸ್ಸುಗಳನ್ನು ಬಿಟ್ಟು ಕೂತಿದ್ದರಂತೆ.

ಹಾಗೆ ಒಬ್ಬಳು ರಾಣಿ ಮತ್ತು ಅವಳ ಸೇನಾಪತಿಯ ಕಥೆ ಬಂತು. ಅಮ್ಮಮ್ಮನಿಗೆ ಆಗ ಏಳು ತಿಂಗಳು, ಹೊಟ್ಟೆಯಲ್ಲಿ ಇದೇ ಚಿಕ್ಕಿ. ಕೊನೆಯ ಅಧ್ಯಾಯದಲ್ಲಿ ಸೇನಾಪತಿಯ ಹಡಗು ಒಡೆಯಿತು, ಅವನು ಈಜಿ ದಡ ಸೇರಿದ, ರಾಣಿ ಆರತಿ ಎತ್ತಿದಳು, ಮದುವೆಯಾಯಿತು. ಅಮ್ಮಮ್ಮನಿಗೆ ಆ ಕಥೆಯ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಮುಂದೆ ಎರಡು ವರ್ಷ ಬುಟ್ಟಿ ಇಳಿಸಿದಲ್ಲೆಲ್ಲ ಅದನ್ನು ಹೇಳಿದರು. ಬೈಂದೂರಿನ ಬಸ್ಸಿನಲ್ಲಿ ಹೇಳಿದರು, ಕೊಕ್ಕರ್ಣೆಯ ಅಂಗಳಗಳಲ್ಲಿ ಹೇಳಿದರು. ಒಂದು ಸಂತೆಯ ದಿನ ಬ್ರಹ್ಮಾವರದಲ್ಲಿ ಒಣಮೀನು ಆರಿಸುತ್ತಿದ್ದ ಓದುಬರಹದ ಹೆಂಗಸೊಬ್ಬರಿಗೂ ಹೇಳಿದರು. ಅವರು ಬಾಯಿಗೆ ಸೆರಗು ಇಟ್ಟು ನಕ್ಕರು. "ಅಯ್ಯೋ, ಅವನು ಸಾಯುತ್ತಾನಲ್ಲ ಮಾರಾಯ್ತಿ! ಕಡಲಲ್ಲಿ ಮುಳುಗಿ ಸಾಯುತ್ತಾನೆ. ನಿನಗೆ ಯಾರು ಓದಿ ಹೇಳಿದ್ದು?"

ಸುತ್ತಲಿನವರೆಲ್ಲ ನಕ್ಕರಂತೆ. ಇಪ್ಪತ್ತು ಚಿಲ್ಲರೆ ವರ್ಷದ ನಂತರ ಅದನ್ನು ಹೇಳುವಾಗಲೂ ಅಮ್ಮಮ್ಮನ ಕಿವಿ ಕೆಂಪಾಯಿತು.

"ನಂಗೆ ಓದುಕ್ ಬತ್ತಿಲ್ಲೆ ಅಂದೇಳಿ ನನ್ನ ಮಂಗ ಮಾಡಿತ್. ಬ್ಯಾರೆ ಯಾರಾರೂ ಮಾಡಿರೆ ಬಿಡ್ತಿದ್ದೆ. ಚಂದು ಮಾಡಿತಲೆ."

ನಾನು ನಗಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾದೀತು. ಎರಡು ಮನೆಯ ಮಹಾಯುದ್ಧಕ್ಕೆ ಕಾರಣ ಒಂದು ಕಾದಂಬರಿ! ಆದರೆ ಒಳಗೆ ಚಿಕ್ಕಿ, ಅಣ್ಣ ತಂಗಿಯ ಮಾತು ಸುಳ್ಳೆಂದು ಗೊತ್ತಾದ ಮೇಲೂ, ಮದುವೆಗೆ ಒಪ್ಪದೆ ಉಣ್ಣುವುದಿಲ್ಲವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮರುದಿನ ಮಧ್ಯಾಹ್ನ ಗೆಳತಿಯ ಮನೆಗೆಂದು ಹೇಳಿ ಗುಲ್ವಾಡಿಗೆ ಹೋದೆ.

ಚಂದಮ್ಮ ಹೊಳೆಬದಿಯ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದರು. "ಹ್ವಾಯ್, ಯಾರ್ ಮನಿ ಹೆಣ್ಣ್ ನೀನ್?" ಎಂದವರು ನಾನು ಉತ್ತರ ಕೊಡುವ ಮೊದಲೇ, "ಬ್ಯಾಡ, ಮೂಗ್ ಕಂಡ್ ಗೊತ್ತಾಯ್ತ್. ಗಿರಿಜ ಮೊಮ್ಮಗಳ್" ಎಂದು ನಕ್ಕರು. ನಾನು ದಾರಿಯುದ್ದಕ್ಕೂ ರಾಯಭಾರಿಯ ಭಾಷಣ ತಯಾರು ಮಾಡಿಕೊಂಡು ಬಂದಿದ್ದೆ. ಬಾಯಿಂದ ಹೊರಟದ್ದು ಇಷ್ಟೇ: "ನಮ್ ಚಿಕ್ಕಿ ಮೂರ್ ದಿನದಿಂದ ಉಣ್ಲಿಲ್ಲೆ. ನೀವ್ ಎಂತಕ್ ಸುಳ್ಳ್ ಓದಿದ್ದ್?"

ಅವರ ನಗು ನಿಂತಿತು. "ನಾ ಹೇಳುಕೆ ಹೋಯಿದ್ದೆ ಹೆಣೆ. ಗಿರಿಜ ಬಾಗ್ಲ್ ಹಾಕಿತ್. ಆಮೇಲೆ ನಂಗೂ ಸೊಕ್ಕ್ ಬಂತ್" ಎಂದರು. ಒಳಗೆ ಹೋಗಿ ಅಕ್ಕಿಮುಡಿಯ ಹಿಂದಿನಿಂದ ಬಟ್ಟೆ ಸುತ್ತಿದ ಅದೇ ಪುಸ್ತಕ ತೆಗೆದರು. ಮೇಷ್ಟರು ವರ್ಗವಾಗಿ ಹೋಗುವಾಗ, ಮೀನಿನ ವಾಸನೆ ಹಿಡಿದ ಇದನ್ನು ಇನ್ನು ನಮ್ಮ ಮನೆಯಲ್ಲಿ ಇಡಲಾಗದು ಎಂದು ಚಂದಮ್ಮನಿಗೇ ಕೊಟ್ಟಿದ್ದರಂತೆ. ಸೀರೆ ಬದಲಿಸಿ, ಕನ್ನಡಕ ಸಿಕ್ಕಿಸಿಕೊಂಡು, "ನಡಿ" ಎಂದರು.

ಅಮ್ಮಮ್ಮ ಅಂಗಳದಲ್ಲಿ ಕತ್ತಿಮಣೆಯ ಮೇಲೆ ಕೂತು ಬಂಗಡೆ ಕೊಯ್ಯುತ್ತಿದ್ದರು. ಬಂದವರು ಯಾರೆಂದು ಕಂಡರೂ ತಲೆ ಎತ್ತಲಿಲ್ಲ. ಚಂದಮ್ಮ ಕರೆಯದೆಯೇ ಜಗಲಿಯಲ್ಲಿ ಕೂತರು.

"ಗಿರಿಜಾ, ಕಡೀ ಅಧ್ಯಾಯ ಓದ್ತೆ. ಒಂದಕ್ಷರ ಬದ್ಲ್ ಮಾಡುದಿಲ್ಲೆ. ಬೇಕಾರೆ ಈ ಹೆಣ್ಣ್ ಪಕ್ಕ ಕೂಕಂಡ್ ಕಾಣ್ಲಿ."

ಹೀಗೆ ನಾನು ಸಾಕ್ಷಿಯಾದೆ. ಅವರು ಓದುತ್ತಾ ಹೋದರು, ನನ್ನ ಬೆರಳು ಸಾಲಿನ ಕೆಳಗೆ ಓಡುತ್ತಾ ಹೋಯಿತು. ಹಡಗು ಒಡೆಯಿತು. ಸೇನಾಪತಿ ಒಂದು ಹಲಗೆ ಹಿಡಿದ. ಹಲಗೆ ಕೈಜಾರಿತು. ದಡದಲ್ಲಿ ರಾಣಿ ಐದು ದಿನ ದೀಪ ಹಿಡಿದು ನಿಂತಳು, ಆರನೆಯ ದಿನ ಅವನ ಶಾಲು ಮಾತ್ರ ಬಂತು. ಅಮ್ಮಮ್ಮನ ಕೈ ನಿಂತಿತು. ಬೆಕ್ಕು ನಿಧಾನಕ್ಕೆ ಬಂದು ಒಂದು ಬಂಗಡೆ ಎಳೆದುಕೊಂಡು ಹೋಯಿತು. ನಮ್ಮ ಮನೆಯ ಇತಿಹಾಸದಲ್ಲಿ ಬೆಕ್ಕಿಗೆ ಯಾರೂ ಛೂ ಅನ್ನದೇ ಇದ್ದದ್ದು ಅದೊಂದೇ ಸಲ.

"ಅವತ್ತ್ ಇವ್ರ್ ಕಡಲಂಗ್ ಇದ್ರ್, ಅಲ್ದಾ ಚಂದು?"

"ಹ್ಞೂಂ."

"ನಾಕ್ ದಿನ ಆಯಿತ್ತ್."

"ಐದ್."

ಇವ್ರ್ ಅಂದರೆ ನಮ್ಮ ಅಜ್ಜಯ್ಯ. ಆ ಸಲ ಅವರ ದೋಣಿ ಗಾಳಿಗೆ ಸಿಕ್ಕಿ, ಆರನೆಯ ದಿನ ಬೈಂದೂರಿನ ಕಡೆ ಎಲ್ಲೋ ದಡ ಮುಟ್ಟಿದ ಕಥೆಯನ್ನು ನಾನೇ ಹತ್ತಾರು ಸಲ ಕೇಳಿದ್ದೆ. ಅದನ್ನೂ ಈ ಸುಳ್ಳನ್ನೂ ಸೇರಿಸಿ ನೋಡುವ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಗಂಡನ ಸುದ್ದಿಯಿಲ್ಲದ ಏಳು ತಿಂಗಳ ಬಸುರಿಯನ್ನು ಎದುರಿಗೆ ಕೂರಿಸಿಕೊಂಡು, ಕೈಯಲ್ಲಿ ಆ ಪುಟ ಹಿಡಿದು, ಚಂದಮ್ಮ ಎಷ್ಟು ಬೇಗ ಎಷ್ಟು ಸುಳ್ಳು ಕಟ್ಟಿರಬೇಕು! ತಡವರಿಸದೆ, ಕಣ್ಣು ಎತ್ತದೆ, ಸಾಲಿನಿಂದ ಸಾಲಿಗೆ. 

ಅಮ್ಮಮ್ಮ ತೋಳಿನಿಂದ ಮೂಗು ಒರೆಸಿಕೊಂಡರು. ಕೈಯೆಲ್ಲ ಮೀನು.

"ಥೋ! ಇದ್ ಎಂತ ಪುಸ್ತಕ ಮಾರಾಯ್ತಿ? ಒಂಚೂರೂ ಚಂದ ಇಲ್ಲೆ. ನೀ ಓದಿದ್ದೇ ಚಂದ ಇತ್ತ್."

ಆಮೇಲೆ ಒಳಗೆ ಮುಖ ಮಾಡಿ, "ಜಲಜಾ, ಎದ್ ಬಾ. ನಿನ್ನತ್ತೆ ಬಂದಿತ್ತ್, ಚಾಯ ಮಾಡ್" ಎಂದರು. ಹೀಗೆ ಮುಗಿಯಿತು ಯುದ್ಧ. ಚಿಕ್ಕಿ ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದಳು. ಗೆಳತಿಯರಿಬ್ಬರೂ ಅದನ್ನು ಗಮನಿಸದೆ ಕುಡಿದರು. ಸೇನಾಪತಿಯನ್ನು ಕೊಂದ ಲೇಖಕನಿಗೆ ಮಾತ್ರ ಅವತ್ತು ಇಬ್ಬರ ಬಾಯಲ್ಲೂ ಸಮಾ ಬೈಗುಳ.

ಅಮ್ಮಮ್ಮ ಈಗಿಲ್ಲ. ಚಂದಮ್ಮನಿಗೆ ಎಂಬತ್ತು ದಾಟಿದೆ, ಕಣ್ಣಿಗೆ ಅಕ್ಷರ ಹತ್ತುವುದಿಲ್ಲ. ಹೊಸ ಪುಸ್ತಕ ಹೊತ್ತುಕೊಂಡು ನಾನು ಭಾನುವಾರಗಳಂದು ಗುಲ್ವಾಡಿಗೆ ಹೋಗಿ ಓದುತ್ತಿದ್ದೇನೆ. ಚಿಕ್ಕಿ ಬಂದು ಹೋಗಿ ಕೇಳುತ್ತಾಳೆ, ನಡುನಡುವೆ ಈ ನಾಯಕನ ಹಲ್ಲು ಹೇಗಿದೆ ಎಂದು ವಿಚಾರಿಸುತ್ತಾಳೆ.

ಮೊನ್ನೆ ನಾಲ್ಕನೇ ಭಾನುವಾರ, ಕೊನೆಯ ಅಧ್ಯಾಯ. ನಾಯಕ ಕುದುರೆ ಏರಿ ರಣರಂಗಕ್ಕೆ ಹೊರಟ. ಕಣ್ಣಂಚಿನಲ್ಲಿ ಮುಂದಿನ ಪುಟ ನೋಡಿದೆ. ಬದುಕುವ ಲಕ್ಷಣವೇ ಇಲ್ಲ. ಎದುರಿಗೆ ಈ ಮುದುಕಿ, ಮಡಿಲಲ್ಲಿ ಕೈಯಿಟ್ಟು ಮಗುವಿನ ಹಾಗೆ ಕಾಯುತ್ತಿದ್ದಾರೆ. ಇದ್ದಂತೆ ಓದಲು ಮನಸ್ಸು ಬರಲಿಲ್ಲ. ಎರಡು ಪುಟ ಒಟ್ಟಿಗೆ ಮಗುಚಿ, "ಶತ್ರುಸೇನೆ ದಿಕ್ಕಾಪಾಲಾಗಿ ಓಡಿತು, ಅವನು ಗಾಯಗೊಂಡರೂ ನಗುತ್ತಾ ಅರಮನೆಗೆ..." ಎಂದು ಶುರುಮಾಡಿದೆ.

ಚಂದಮ್ಮ ಕೈ ಎತ್ತಿದರು.

"ನಿಲ್ಸ್. ಎರಡ್ ಪುಟ ಒಟ್ಟಿಗೆ ಮಗಚಿದ್ ಸದ್ದ್ ನಂಗ್ ಗೊತ್ತಾತಿಲ್ಯಾ? ಯಾರಿಗ್ ಸುಳ್ಳ್ ಓದ್ತೆ ಹೆಣೆ ನೀನ್?"

ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಅವರು ಗೋಡೆಗೆ ಒರಗಿ, ಕಾಲು ನೀಡಿ, ಕಣ್ಣು ಮುಚ್ಚಿಕೊಂಡರು.

"ಈಗ ಮಳಿಗಾಲ. ಬೋಟ್ ಎಲ್ಲ ಕಡಲಿಂದ ಮೇಲ್ ಬಂದಿತ್ತ್. ನಮ್ ಗಂಡಸ್ರ್ ಎಲ್ಲ ಮನಿಯಂಗ್ ಇದ್ರ್. ಹೆದ್ರಬ್ಯಾಡ, ಸಾಯ್ಸ್."

ಒಳಕೋಣೆಯಲ್ಲಿ ರಾಘು ಚಿಕ್ಕಪ್ಪಯ್ಯ ಗೊರಕೆ ಹೊಡೆಯುತ್ತಿದ್ದರು. ನಾನು ಪುಟ ಹಿಂದಕ್ಕೆ ತಿರುಗಿಸಿ, ಒಂದಕ್ಷರವನ್ನೂ ಬಿಡದೆ, ಆ ಪುಣ್ಯಾತ್ಮನನ್ನು ಕೊಂದೆ.